ಸೈನ್ಯದ ಪಾದ್ರಿ, ಮದ್ರಾಸಿನ ಬಿಷಪ್, ಬೆಂಗಳೂರಿನ ಮೇಷ್ಟ್ರು

1943ರಲ್ಲಿ, ಮಹಾಯುದ್ಧದ ನಡುವೆ, ಕವಿ ಟಿ.ಎಸ್. ಎಲಿಯಟ್ ಒಂದು ಕಿರುಹೊತ್ತಗೆ ಬರೆದರು. ಹೆಸರು ‘ರಿಯೂನಿಯನ್ ಬೈ ಡಿಸ್ಟ್ರಕ್ಷನ್’. ದಕ್ಷಿಣ ಭಾರತದ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು (ಚರ್ಚುಗಳು) ಒಂದಾಗಲು ಹೊರಟಿದ್ದವು. ಅದನ್ನು ವಿರೋಧಿಸಲೆಂದೇ ಬರೆದದ್ದು ಅದು. ಆ ಒಕ್ಕೂಟವನ್ನು ಮುನ್ನಡೆಸಬೇಕಾಗಿದ್ದವರಲ್ಲಿ ಒಬ್ಬರಾದ ಮದ್ರಾಸಿನ ಬಿಷಪ್ ಆರ್ಥರ್ ಮೈಕೆಲ್ ಹಾಲಿಸ್, ಹಿಂದಿನ ವರ್ಷವಷ್ಟೇ ಸೈನ್ಯದ ಪಾದ್ರಿ ಕೆಲಸದಿಂದ ಬಂದಿದ್ದರು.

ಹಾಲಿಸ್ ಹುಟ್ಟಿದ್ದು 1899ರಲ್ಲಿ. ತಂದೆ ಇಂಗ್ಲೆಂಡಿನಲ್ಲಿ ಬಿಷಪ್ ಆದವರು. ತಮ್ಮಂದಿರಲ್ಲಿ ಕ್ರಿಸ್ಟೋಫರ್ ಲೇಖಕ, ಸಂಸದ. ಮುಂದೆ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ5ರ ಮುಖ್ಯಸ್ಥನಾದ ರೋಜರ್ ಮತ್ತೊಬ್ಬ. ಮೈಕೆಲ್ ಆಕ್ಸ್‌ಫರ್ಡ್ ಬಿಟ್ಟು 1931ರಲ್ಲಿ ತಿರುನೆಲ್ವೇಲಿ ಸೀಮೆಯ ನಾಜರೇತಿಗೆ ಮಿಷನರಿಯಾಗಿ ಬಂದರು. 1937ರಲ್ಲಿ ಇಂಗ್ಲೆಂಡಿಗೆ ಮರಳಿ ಒಂದು ಸಭೆಯ ಪಾಲಕರಾದರು. ಎರಡು ವರ್ಷಕ್ಕೆ ಯುದ್ಧ ಬಂತು. 1942ರವರೆಗೆ ಸೇನೆಯ ಪಾದ್ರಿ. ಆ ವರ್ಷ ಏಪ್ರಿಲ್‌ನಲ್ಲಿ ವಿಶಾಖಪಟ್ಟಣದ ಮೇಲೆ ಜಪಾನಿ ಬಾಂಬು ಬಿದ್ದು, ಮದ್ರಾಸಿನ ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟಿದ್ದರು. ಅಂಥ ವರ್ಷದಲ್ಲಿ ಹಾಲಿಸ್ ಆ ಊರಿನ ಬಿಷಪ್ ಆದರು.

ಈ ಒಕ್ಕೂಟದ ಜಗಳವೇನೆಂದು ತಿಳಿಯಲು ಮದ್ರಾಸಿಗಿಂತ ದಿಂಡಿಗಲ್, ತೇನಿ, ಕಂಬಂ ಕಣಿವೆಯ ಕಡೆ ನೋಡಬೇಕು. ಪೆರಿಯಾರ್ ಅಣೆಕಟ್ಟಿನ ನೀರು ಉಣ್ಣುವ ಈ ಕಣಿವೆಯಲ್ಲಿ ಮನೆಯೊಳಗೆ ಇಂದಿಗೂ ಕನ್ನಡವಾಡುವ ಒಕ್ಕಲಿಗರಿದ್ದಾರೆ. ನಮಗೆ ತೀರ ಹೊರಗಿನ ಸೀಮೆಯಲ್ಲ. ಇಲ್ಲಿಗೆ ಬಂದದ್ದು ಅಮೆರಿಕದ ಮಿಷನರಿಗಳು. 1834ರಲ್ಲಿ ಮದುರೆಯಲ್ಲಿ ನೆಲೆಯೂರಿ, ಮರುವರ್ಷ ದಿಂಡಿಗಲ್ಲಿಗೆ ಹಬ್ಬಿದರು. ಅವರು ಕಾಂಗ್ರಿಗೇಷನಲ್ ಪಂಥದವರು. ಊರಿನ ಸಭೆಯೇ ಅವರಿಗೆ ದೊಡ್ಡದು, ಬಿಷಪ್ ಎಂಬ ಪದವಿಯೇ ಇಲ್ಲ. ದಕ್ಷಿಣಕ್ಕೆ ಇಳಿದರೆ ತಿರುನೆಲ್ವೇಲಿಯಲ್ಲಿ ಆಂಗ್ಲಿಕನರು. ಬಿಷಪ್ ಕೈಯಿಂದ ದೀಕ್ಷೆಯಾಗದ ಪಾಲಕನು ಕರ್ತನ ರಾತ್ರಿಭೋಜನ ನಡೆಸುವುದು ಅವರಿಗೆ ಒಪ್ಪಿಗೆಯಿಲ್ಲ. ಭಾಷೆ ಒಂದೇ, ಬೈಬಲ್ ಒಂದೇ, ಎಷ್ಟೋ ಕಡೆ ನೆಂಟಸ್ತಿಕೆಯೂ ಒಂದೇ. ಬೇಲಿ ಮಾತ್ರ ಯುರೋಪಿನದು.

ಆ ಬೇಲಿ ಕೀಳಬೇಕೆಂದು 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಪಾಲಕರಲ್ಲಿ ಹೆಚ್ಚಿನವರು ಭಾರತೀಯರೇ. ಮುಂದಾಳು ಬಿಷಪ್ ವಿ.ಎಸ್. ಅಜರಯ್ಯ. ಮಾತುಕತೆ 28 ವರ್ಷ ಎಳೆಯಿತು. ಕೊನೆಗೆ ಸಿಕ್ಕ ದಾರಿ ಇದು: ಈಗಿರುವ ಪಾಲಕರಿಗೆ ಮರುದೀಕ್ಷೆ ಬೇಡ, ಮುಂದಿನವರಿಗೆಲ್ಲ ಬಿಷಪರೇ ದೀಕ್ಷೆ ಕೊಡಲಿ. 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರವಾಗಿತ್ತಷ್ಟೇ, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಇಂಡಿಯಾ ಸಭೆ ಹುಟ್ಟಿತು. ಅಂದು ಅಭಿಷೇಕ ಹೊಂದಿದ ಒಂಬತ್ತು ಹೊಸ ಬಿಷಪರಲ್ಲಿ ಲೆಸ್ಲಿ ನ್ಯೂಬಿಗಿನ್ ಒಬ್ಬರು. ಪ್ರೆಸ್ಬಿಟೇರಿಯನ್ ಮೂಲದ ಈ 37ರ ಯುವಕನಿಗೆ ಸಿಕ್ಕಿದ್ದು ಮದುರೆ–ರಾಮನಾಡು ಡಯಾಸಿಸ್, ಅಂದರೆ ಬಿಷಪರ ಆಡಳಿತದ ಸೀಮೆ. ನೂರು ವರ್ಷ ಬಿಷಪ್ಪೇ ಇಲ್ಲದೆ ನಡೆದಿದ್ದ ದಿಂಡಿಗಲ್, ಕಂಬಂ ಸಭೆಗಳಿಗೆ ಈಗ ಒಬ್ಬ ಬಿಷಪ್ ಬಂದರು. ಬಂದವರೂ ಆಂಗ್ಲಿಕನ್ ಅಲ್ಲ! ಇಂಗ್ಲೆಂಡಿನ ಮಡಿವಂತರಿಗೆ ಇದನ್ನು ನುಂಗುವುದು ಸುಲಭವಿರಲಿಲ್ಲ. ಒಳಗಿನ ನೋವೂ ಇತ್ತು: ನಂದ್ಯಾಲದ ಒಂದು ಗುಂಪು ಒಕ್ಕೂಟಕ್ಕೆ ಸೇರದೆ ಆಂಗ್ಲಿಕನ್ ಆಗಿಯೇ ಉಳಿಯಿತು.

ಹಾಲಿಸ್ 1948ರಿಂದ 1954ರವರೆಗೆ ಈ ಹೊಸ ಸಭೆಯ ಮೊದಲ ಮಾಡರೇಟರ್, ಅಂದರೆ ಮುಖ್ಯಸ್ಥ. 1948ರ ಲ್ಯಾಂಬೆತ್ ಸಮ್ಮೇಳನದಲ್ಲಿ ಆಂಗ್ಲಿಕನ್ ಬಿಷಪರು ಇಲ್ಲಿನ ದೀಕ್ಷೆಗಳ ಬಗ್ಗೆ ಒಮ್ಮತಕ್ಕೆ ಬರಲಿಲ್ಲ. ಇಂಗ್ಲೆಂಡಿನ ಸಭೆಯ ಭಾಗಶಃ ಮನ್ನಣೆ ದಕ್ಕಿದ್ದು 1955ರಲ್ಲಿ. ತಾವು ಹುಟ್ಟಿ ಬೆಳೆದ ಮನೆಯೇ ಅರ್ಧ ಬಾಗಿಲು ಮುಚ್ಚಿಕೊಂಡಿದ್ದಾಗ, ಬಿಷಪರ ಮಗ ಬಿಷಪ್ ಇಲ್ಲಿನವರ ಜೊತೆ ನಿಂತರು. ಅವರ ಬದುಕಿನಲ್ಲಿ ನನಗೆ ದೊಡ್ಡದಾಗಿ ಕಾಣುವುದು ಇದೇ.

ಮುಂದೆ ಮಾಡಿದ್ದೂ ಸಣ್ಣದಲ್ಲ. ಐವತ್ತೈದೂ ಮುಗಿದಿರದ ವಯಸ್ಸಿನಲ್ಲಿ ಗದ್ದುಗೆ ಬಿಟ್ಟರು. ಮಾಡರೇಟರ್ ಸ್ಥಾನಕ್ಕೆ ಹೊಸಪೇಟೆಯನ್ನು ಹೆಸರಿನಲ್ಲೇ ಹೊತ್ತ ಹೊಸಪೇಟ್ ಸುಮಿತ್ರ ಬಂದರು, ಮದ್ರಾಸಿಗೆ ಡೇವಿಡ್ ಚೆಲ್ಲಪ್ಪ. ಹಾಲಿಸ್ ಬೆಂಗಳೂರಿನ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿಗೆ ಬಂದು 1955ರಿಂದ ಐದು ವರ್ಷ ಸಭಾ ಚರಿತ್ರೆ ಕಲಿಸಿದರು. 1962ರಲ್ಲಿ ಹೊರಬಂದ ‘ಪಟರ್ನಲಿಸಂ ಅಂಡ್ ದಿ ಚರ್ಚ್’ ದಕ್ಷಿಣ ಭಾರತದ ಸಭಾ ಚರಿತ್ರೆಯನ್ನೇ ಕುರಿತದ್ದು. ಮಿಷನರಿಗಳು ತಂದೆಯ ಸ್ಥಾನದಲ್ಲಿ ಕೂತು ಎಲ್ಲವನ್ನೂ ತಾವೇ ನಿರ್ಧರಿಸಿ ಇಲ್ಲಿನ ಸಭೆಯನ್ನು ಹೇಗೆ ಮಗುವಾಗಿಯೇ ಇಟ್ಟರು ಎಂಬುದನ್ನು, ಸ್ವತಃ ಮಿಷನರಿಯಾಗಿದ್ದವರು ತಮ್ಮವರ ಮೇಲೆಯೇ ಬರೆದರು. ಹೊರಗಿನವರು ಬರೆದಿದ್ದರೆ ದೂರು ಎನ್ನಬಹುದಿತ್ತು.

ಇಂಗ್ಲೆಂಡಿಗೆ ಮರಳಿದ ಮೇಲೆ ಹಾಲಿಸ್ ಯಾರ್ಕ್‌ಷೈರಿನ ಟಾಡ್ವಿಕ್ ಎಂಬ ಹಳ್ಳಿಯಲ್ಲಿ ಪಾಲಕರಾದರು. ಸುಮಾರು ಹತ್ತು ಲಕ್ಷ ಜನರ ಸಭೆಗೆ ಹಿರಿಯರಾಗಿದ್ದವರು ಆಮೇಲೆ ಸಹಾಯಕ ಬಿಷಪ್ ಆಗಿ ದುಡಿದು, 1986ರಲ್ಲಿ ತೀರಿಕೊಂಡರು.