ಬೈದರ ಉಮೇದಿ ಬರತೈತೇನು?



ಆಟಕ್ಕೆ ಮೈಯಾಗ ಕಸುವು ಬೇಕು. ಅದಕ್ಕಿಂತ ಮೊದಲು ಮನಸ್ಸಿನಲ್ಲಿ ಉಮೇದಿ ಬೇಕು. ಈ ಉಮೇದಿ ಆಟ ಕಲಿಸುವವರ ಮಾತಿನಿಂದ ಹೆಚ್ಚುತ್ತದೆ, ಮಾತಿನಿಂದಲೇ ಇಳಿಯುತ್ತದೆ. ಅದು ಹೇಗೆಂದು ನಮ್ಮ ಖೋ-ಖೋ ಆಟದಿಂದ ತಿಳಿಯೋಣ.

ಖೋ-ಖೋದಲ್ಲಿ ಬೆನ್ನಟ್ಟುವ ತಂಡದವರು 9 ಮಂದಿ ಅಂಗಳದಲ್ಲಿ ಇರುತ್ತಾರೆ. 8 ಮಂದಿ ಸಾಲಾಗಿ, ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖ ಮಾಡಿ ಕೂಡುತ್ತಾರೆ. ಒಬ್ಬರು ಬೆನ್ನಟ್ಟುತ್ತಾರೆ. ಕುಂತವರು ಬೆನ್ನಿಗೆ ಕೈ ತಾಗಿ "ಖೋ" ಎಂದ ಮೇಲೆಯೇ ಏಳಬೇಕು. ಮೊದಲೇ ಎದ್ದರೆ ಫೌಲ್. ಹೊರಗಿಂದ ಯಾರಾದರೂ "ಏ ದಡ್ಡಿ, ಏಳ!" ಅಂತ ಒದರಿದರ ಏನಾಗತೈತಿ? ನಮ್ಮ ಕಣ್ಣು ಆಟ ಬಿಟ್ಟು ಒದರಿದವರ ಕಡೆ ಹೋಗತೈತಿ. ಅಂಜಿ ಲಗೂನ ಏಳತೀವಿ. ಫೌಲ್ ಆಗತೈತಿ. ಮತ್ತ ಬೈಗುಳ! ಹೀಗೆ ಅಂಜಿಕೆಯಿಂದ ತಪ್ಪು ಹೆಚ್ಚಾಗುತ್ತದೆ.

"ಬೈದು ಹೇಳುವವರು ಬದುಕಲು ಹೇಳಿದರು" ಎಂದು ಹಿರಿಯರು ಗಾದೆ ಹೇಳುತ್ತಾರೆ. ನಾನೂ ಅದನ್ನೇ ನಂಬಿದ್ದೆ. ಬೈಲಹೊಂಗಲದ ತಾಲೂಕಾ ಪಂದ್ಯಕ್ಕೆ ತಯಾರಿ ನಡೆದಾಗ ನಾನು ನಾಯಕಿ. 5ನೇ ಇಯತ್ತೆಯ ಒಬ್ಬ ಹುಡುಗಿ ಮೂರು ಸಲ ಮೊದಲೇ ಎದ್ದಳು. ಎಲ್ಲರ ಮುಂದ ಬೈದೆ. ಮರುದಿನ ಆಕಿ ಅಂಗಳಕ್ಕ ಬರಲಿಲ್ಲ. ಮನಿಗೆ ಹೋಗಿ ಕೇಳಿದೆ. "ಬೈದಿದ್ದಕ್ಕಲ್ಲಕ್ಕಾ, ಹೆಂಗ ಆಡಬೇಕಂತ ನೀ ಹೇಳಲೇ ಇಲ್ಲ" ಅಂದಳು. ನನಗೆ ನಾಚಿಕೆ ಆಯಿತು. ಗಾದೆಯಲ್ಲಿ "ಬೈದು" ಎಂದಷ್ಟೇ ಇಲ್ಲ, "ಹೇಳುವವರು" ಎಂದೂ ಇದೆ. ನಾನು ಬೈದಿದ್ದೆ, ಹೇಳಿರಲಿಲ್ಲ.

ಗರಡಿಮನಿಯಲ್ಲಿ ನೋಡಿರಿ. ವಸ್ತಾದರು ತಾವೇ ಮಣ್ಣಿಗಿಳಿದು ಪಟ್ಟು ಹಾಕಿ ತೋರಿಸುತ್ತಾರೆ. ತಪ್ಪಿದರೆ ಕೈ ಹಿಡಿದು ತಿದ್ದುತ್ತಾರೆ. ಅವರು ಗದರಿದರೂ ಹುಡುಗರು ಬಿಟ್ಟು ಹೋಗುವುದಿಲ್ಲ.

ದೊಡ್ಡ ಆಟದಲ್ಲಿಯೂ ಹೀಗೇ ಇದೆ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರು ಶಾಲಾ ಮಾಸ್ತರರಾಗಿದ್ದರು. ಮುಂದೆ ಭಾರತದ ಫುಟ್‌ಬಾಲ್ ತಂಡಕ್ಕೆ ತರಬೇತಿ ಕೊಟ್ಟರು. 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಮೊದಲ ಪಂದ್ಯವನ್ನೇ ದಕ್ಷಿಣ ಕೊರಿಯಾದ ಎದುರು 0-2ರಿಂದ ಸೋತಿತು. ಆಮೇಲೆ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದವು. ಅವರು ಹಿಂದೆ ನಿಂತು ತಡೆಯುವ ಆಟಗಾರ. ರಹೀಂ ಅವರು ಅವರನ್ನು ಮುಂದೆ ಆಡಿಸಿದರು. ಫೈನಲ್‌ನಲ್ಲಿ ಭಾರತ ಅದೇ ಕೊರಿಯಾವನ್ನು 2-1ರಿಂದ ಸೋಲಿಸಿ ಬಂಗಾರದ ಪದಕ ಗೆದ್ದಿತು. ಒಂದು ಗೋಲು ಜರ್ನೈಲ್ ಸಿಂಗರದೇ! ನಂಬಿ ಕೆಲಸ ಒಪ್ಪಿಸಿದರೂ ಉಮೇದಿ ಬರುತ್ತದೆ.

ಆದ್ದರಿಂದ ಚಿಕ್ಕವರಿಗೆ ಆಟ ಕಲಿಸುವಾಗ ನಾವು ಹೀಗೆ ಮಾಡೋಣ:

1. ತಪ್ಪು ಏನೆಂದು ಹೇಳಿ, ಸರಿ ಹೇಗೆಂದು ಮಾಡಿ ತೋರಿಸೋಣ.
2. ಎಲ್ಲರ ಮುಂದೆ ಅಲ್ಲ, ಹತ್ತಿರ ಕರೆದು ಹೇಳೋಣ.
3. ಚೊಲೋ ಆಡಿದಾಗ "ಶಾಬ್ಬಾಸ್" ಅನ್ನೋಣ.

ಆ ಹುಡುಗಿ ಈಗ ದಿನಾ ಆಡಲಿಕ್ಕೆ ಬರತಾಳ. ಇನ್ನೂ ಒಮ್ಮೊಮ್ಮೆ ಮೊದಲೇ ಏಳತಾಳ. ನಾ ಮಾತ್ರ ಒದರೂದಿಲ್ಲ, ಪಕ್ಕದಾಗ ಕುಂತು ತೋರಸ್ತೀನಿ.

— 7ನೇ ಇಯತ್ತೆಯ ವಿದ್ಯಾರ್ಥಿನಿ