ಭಾರತವನ್ನು ಓದುವ ಬಗೆ: ಒಂದೇ ಪುಸ್ತಕ ಸಾಲದು

ಭಾರತದ ಚರಿತ್ರೆ ಮತ್ತು ಸಂಸ್ಕೃತಿಯನ್ನು ತಿಳಿಯಲು ಯಾವ ಪುಸ್ತಕ ಓದಬೇಕು? ಗ್ರಂಥಾಲಯಗಳಲ್ಲಿ, ಪುಸ್ತಕದಂಗಡಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಯಿದು. ಕೇಳುವವರಿಗೆ ಬೇಕಾದದ್ದು ಸಾಮಾನ್ಯವಾಗಿ ಒಂದು ಹೆಸರು. ಆದರೆ ಒಂದೇ ಪುಸ್ತಕವನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಚರಿತ್ರೆಯಲ್ಲೇ ಒಂದು ದೊಡ್ಡ ಉದಾಹರಣೆಯಿದೆ.

ಜೇಮ್ಸ್ ಮಿಲ್ 1817ರಲ್ಲಿ ಮೂರು ಸಂಪುಟಗಳ ‘ಬ್ರಿಟಿಷ್ ಇಂಡಿಯಾದ ಇತಿಹಾಸ’ವನ್ನು ಪ್ರಕಟಿಸಿದ. ಆತ ಭಾರತಕ್ಕೆ ಬಂದವನಲ್ಲ, ಇಲ್ಲಿನ ಯಾವ ಭಾಷೆಯನ್ನೂ ಬಲ್ಲವನಲ್ಲ. ದೇಶ ಸುತ್ತು, ಕೋಶ ಓದು ಎಂಬುದು ನಮ್ಮ ಗಾದೆ. ಮಿಲ್ ಕೋಶವನ್ನಷ್ಟೇ ಓದಿದ. ದೇಶ ನೋಡದಿದ್ದುದರಿಂದಲೇ ತನ್ನ ತೀರ್ಪು ನಿಷ್ಪಕ್ಷಪಾತವಾಗಿದೆ ಎಂದು ಮುನ್ನುಡಿಯಲ್ಲಿ ವಾದಿಸಿದ. ಇಂಥ ಪುಸ್ತಕವೇ ಭಾರತವನ್ನು ಆಳಲು ಹೊರಟ ಕಂಪನಿ ಅಧಿಕಾರಿಗಳಿಗೆ ಪಠ್ಯವಾಯಿತು. ಹಿಂದೂ ಕಾಲ, ಮುಸ್ಲಿಂ ಕಾಲ, ಬ್ರಿಟಿಷ್ ಕಾಲ ಎಂದು ಚರಿತ್ರೆಯನ್ನು ಮೂರು ಹೋಳು ಮಾಡಿ ನೋಡುವ ಕ್ರಮ ಅಲ್ಲಿಂದ ಹೊರಟು, ಒಂದು ಶತಮಾನಕ್ಕೂ ಹೆಚ್ಚು ಕಾಲ ಶಾಲೆಯ ಪುಸ್ತಕಗಳಲ್ಲಿ ಉಳಿಯಿತು. ಪುಸ್ತಕದ ಆಯ್ಕೆ ಕೇವಲ ಅಭಿರುಚಿಯ ಮಾತಲ್ಲ ಎಂಬುದಕ್ಕೆ ಇಷ್ಟು ಸಾಕು.

ಮೊದಲ ಮೆಟ್ಟಿಲು

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಒಟ್ಟು ನೋಟ ಬೇಕೆನ್ನುವವರಿಗೆ ಎ.ಎಲ್. ಬಾಷಂ ಅವರ ‘ದ ವಂಡರ್ ದಟ್ ವಾಸ್ ಇಂಡಿಯಾ’ (1954) ಇಂದಿಗೂ ಒಳ್ಳೆಯ ಬಾಗಿಲು. ರಾಜರ ವಂಶಾವಳಿಗಷ್ಟೇ ನಿಲ್ಲದೆ ಆಡಳಿತ, ಸಮಾಜ, ದಿನನಿತ್ಯದ ಬದುಕು, ಧರ್ಮ, ಕಲೆ, ಭಾಷೆಗಳನ್ನು ಅದು ಒಂದೊಂದಾಗಿ ವಿವರಿಸುತ್ತದೆ. ಮುಸಲ್ಮಾನ ಅರಸರ ಆಗಮನದವರೆಗೆ ಮಾತ್ರ ಅದರ ವ್ಯಾಪ್ತಿ. ಮುಂದಿನ ಭಾಗವನ್ನು ಎಸ್.ಎ.ಎ. ರಿಜ್ವಿ 1987ರಲ್ಲಿ ಬರೆದರು.

ಜವಾಹರಲಾಲ್ ನೆಹರೂ ಅವರ ‘ಡಿಸ್ಕವರಿ ಆಫ್ ಇಂಡಿಯಾ’ ಬೇರೆ ಬಗೆಯದು. 1944ರಲ್ಲಿ ಅಹಮದ್‌ನಗರ ಕೋಟೆಯ ಸೆರೆಯಲ್ಲಿ ಬರೆದದ್ದು, 1946ರಲ್ಲಿ ಅಚ್ಚಾದದ್ದು. ಇಸವಿ, ಅಂಕಿಅಂಶಗಳನ್ನು ಹುಡುಕಿಕೊಂಡು ಅದರ ಬಳಿಗೆ ಹೋಗಬೇಕಿಲ್ಲ. ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಿಂತ ಒಬ್ಬ ನಾಯಕ ತನ್ನ ನಾಡಿನ ಹಿಂದಣ ಕಾಲವನ್ನು ಹೇಗೆ ಕಂಡ ಎಂಬುದನ್ನು ತಿಳಿಯಲು ಹೋಗಬೇಕು.

ಡಿ.ಡಿ. ಕೊಸಾಂಬಿ ವೃತ್ತಿಯಿಂದ ಗಣಿತಜ್ಞರು. ಹಳೆಯ ನಾಣ್ಯಗಳನ್ನು ತೂಗಿ, ಸವೆದ ಪ್ರಮಾಣವನ್ನು ಲೆಕ್ಕಹಾಕಿ ಕಾಲಕ್ರಮವನ್ನು ಹುಡುಕಿದವರು. 1956ರಲ್ಲಿ ಬಂದ ಅವರ ಭಾರತೀಯ ಇತಿಹಾಸದ ಪ್ರವೇಶಗ್ರಂಥ, ಯಾವ ರಾಜ ಆಳಿದ ಎಂಬುದಕ್ಕಿಂತ ಜನರು ನೇಗಿಲು ಬಳಸುತ್ತಿದ್ದರೇ, ಬೆಳೆದದ್ದು ಯಾರ ಕಣಜ ಸೇರುತ್ತಿತ್ತು ಎಂಬ ಪ್ರಶ್ನೆಗಳನ್ನು ಮುಖ್ಯವಾಗಿಸಿತು. ಅವರ ತೀರ್ಮಾನಗಳನ್ನು ಒಪ್ಪದವರೂ ಆ ಪ್ರಶ್ನೆಗಳನ್ನು ಬಿಡಲಾಗಲಿಲ್ಲ. ಇನ್ನೊಂದು ದೃಷ್ಟಿ ಬೇಕಾದವರಿಗೆ ಆರ್.ಸಿ. ಮಜುಂದಾರ್ ಸಂಪಾದಕತ್ವದಲ್ಲಿ ಭಾರತೀಯ ವಿದ್ಯಾಭವನ ಹೊರತಂದ 11 ಸಂಪುಟಗಳಿವೆ. ಎರಡನ್ನೂ ಎದುರುಬದುರು ಇಟ್ಟು ಓದಿದಾಗಲೇ ಚರಿತ್ರೆಯಲ್ಲಿ ವಾದ ಯಾವುದು, ಆಧಾರ ಯಾವುದು ಎಂಬುದು ತಿಳಿಯುವುದು.

ಪುಸ್ತಕ ಅಚ್ಚಾದ ವರ್ಷವನ್ನು ನೋಡುವುದನ್ನೂ ಮರೆಯಬಾರದು. ವಿನ್ಸೆಂಟ್ ಸ್ಮಿತ್ 1904ರಲ್ಲಿ ಪ್ರಾಚೀನ ಭಾರತದ ಇತಿಹಾಸ ಬರೆದಾಗ ಅದರಲ್ಲಿ ಸಿಂಧೂ ನಾಗರಿಕತೆಗೆ ಜಾಗವೇ ಇರಲಿಲ್ಲ. ಅಂಥದೊಂದಿತ್ತೆಂದು ಜಗತ್ತಿಗೆ ತಿಳಿದದ್ದು 1924ರಲ್ಲಿ. ರೊಮಿಲಾ ಥಾಪರ್ 1966ರಲ್ಲಿ ಬರೆದ ತಮ್ಮ ಇತಿಹಾಸವನ್ನು 2002ರಲ್ಲಿ ‘ಅರ್ಲಿ ಇಂಡಿಯಾ’ ಎಂಬ ಹೆಸರಿನಲ್ಲಿ ಬಹುತೇಕ ಹೊಸದಾಗಿ ಬರೆದರು. ಅದೇ ಲೇಖಕಿ ಅದೇ ವಿಷಯವನ್ನು ಮತ್ತೆ ಬರೆಯಬೇಕಾಯಿತು ಎಂದರೆ, ನಡುವಿನ 36 ವರ್ಷಗಳಲ್ಲಿ ಆಧಾರಗಳೂ ಪ್ರಶ್ನೆಗಳೂ ಅಷ್ಟು ಬದಲಾಗಿದ್ದವು.

ದಕ್ಷಿಣದ ಓದುಗರಿಗೆ ಇನ್ನೊಂದು ತೊಡಕಿದೆ. ‘ಭಾರತದ ಇತಿಹಾಸ’ ಎಂಬ ಹೆಸರಿನ ಎಷ್ಟೋ ಪುಸ್ತಕಗಳು ಗಂಗಾ ಬಯಲಿನ ಇತಿಹಾಸಗಳು. ಈ ಕೊರತೆಯನ್ನು ತುಂಬಲು ಕೆ.ಎ. ನೀಲಕಂಠ ಶಾಸ್ತ್ರಿಗಳ ದಕ್ಷಿಣ ಭಾರತದ ಇತಿಹಾಸ (1955) ಬೇಕು.

ಮೂರು ಸಾಕ್ಷಿಗಳು

ಹಲವು ಆಧಾರಗಳನ್ನು ಕೂಡಿಸಿ ಓದುವುದರಿಂದ ಏನು ಲಾಭ ಎಂಬುದಕ್ಕೆ ಇಮ್ಮಡಿ ಪುಲಕೇಶಿ ಮತ್ತು ಹರ್ಷವರ್ಧನರ ಪ್ರಸಂಗ ಒಳ್ಳೆಯ ನಿದರ್ಶನ. ಬಾಣಭಟ್ಟನ ‘ಹರ್ಷಚರಿತ’ವನ್ನಷ್ಟೇ ಓದಿದವರಿಗೆ ಪುಲಕೇಶಿ ಸಿಗುವುದೇ ಇಲ್ಲ. ಆ ಕೃತಿ ಹರ್ಷನ ಆಳ್ವಿಕೆಯ ಆರಂಭದ ದಿನಗಳಿಗೇ ನಿಂತುಬಿಡುತ್ತದೆ. ಐಹೊಳೆಯ ಮೇಗುಟಿ ಬಸದಿಯ ಗೋಡೆಯಲ್ಲಿ ಕ್ರಿ.ಶ. 634ರಲ್ಲಿ ಕೆತ್ತಿಸಿದ ಸಂಸ್ಕೃತ ಶಾಸನ, ಹರ್ಷನ ಹರ್ಷವನ್ನು ಪುಲಕೇಶಿ ಕಳೆದನೆಂದು ಹೇಳುತ್ತದೆ. ಆದರೆ ಅದನ್ನು ಬರೆದ ರವಿಕೀರ್ತಿ ಪುಲಕೇಶಿಯ ಆಶ್ರಯದಲ್ಲಿದ್ದ ಕವಿ. ಒಡೆಯನನ್ನು ಹೊಗಳುವುದು ಅವನ ಕೆಲಸ. ಅವನ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು?

ಇಲ್ಲಿ ಮೂರನೆಯ ಸಾಕ್ಷಿ ಬರುತ್ತಾನೆ. ಚೀನದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಹರ್ಷನಿಂದ ಸನ್ಮಾನ ಪಡೆದವನು, ಅವನನ್ನು ಮೆಚ್ಚಿದವನು. ಆದರೂ ಹರ್ಷ ಸ್ವತಃ ಸೈನ್ಯದ ಮುಂದೆ ನಿಂತು ಹೋದರೂ ಪುಲಕೇಶಿಯ ಜನರನ್ನು ಗೆಲ್ಲಲಾಗಲಿಲ್ಲವೆಂದು ಅವನು ದಾಖಲಿಸಿದ್ದಾನೆ. ತನ್ನ ಉಪಕಾರಿಗೆ ಹಿತವಲ್ಲದ ಸಂಗತಿಯನ್ನು ಬರೆದವನ ಮಾತಿಗೆ ತೂಕ ಹೆಚ್ಚು. ಹೀಗೆ ಒಬ್ಬನ ಮೌನ, ಒಬ್ಬನ ಹೊಗಳಿಕೆ, ಮತ್ತೊಬ್ಬನ ಒಪ್ಪಿಗೆ ಸೇರಿ ಒಂದು ಐತಿಹಾಸಿಕ ಸತ್ಯ ಗಟ್ಟಿಯಾಯಿತು. ಅದೇ ಶಾಸನದಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರಿಗೆ ಹೋಲಿಸಿಕೊಂಡಿದ್ದಾನೆ. ಆ ಇಬ್ಬರೂ 634ಕ್ಕೆ ಮೊದಲೇ ಹೆಸರಾಗಿದ್ದರೆಂದು ಸಾಹಿತ್ಯ ಚರಿತ್ರೆಗೆ ತಿಳಿದದ್ದು ಈ ಆತ್ಮಪ್ರಶಂಸೆಯಿಂದ.

ಮೂಲಗ್ರಂಥಗಳ ಓದು

ಕೌಟಿಲ್ಯನ ‘ಅರ್ಥಶಾಸ್ತ್ರ’ದ ಕಥೆ ಕನ್ನಡಿಗರಿಗೆ ಹತ್ತಿರದ್ದು. ಶತಮಾನಗಳ ಕಾಲ ಬೇರೆ ಗ್ರಂಥಗಳ ಉಲ್ಲೇಖಗಳಲ್ಲಿ ಮಾತ್ರ ಬದುಕಿದ್ದ ಈ ಕೃತಿಯ ತಾಳೆಗರಿ ಪ್ರತಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದು, ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿತು. ಅವರು 1905ರಲ್ಲಿ ಅದನ್ನು ವಿದ್ವಾಂಸರ ಗಮನಕ್ಕೆ ತಂದರು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಭಾರತೀಯರಿಗೆ ಪರಲೋಕದ ಚಿಂತೆ ಮಾತ್ರ, ರಾಜ್ಯಶಾಸ್ತ್ರ ಗೊತ್ತಿಲ್ಲ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಆದರೆ ಅದನ್ನು ಚಂದ್ರಗುಪ್ತ ಮೌರ್ಯನ ಆಡಳಿತದ ವರದಿ ಎಂಬಂತೆ ಓದುವುದೂ ತಪ್ಪು. ಅದರ ಶಬ್ದಪ್ರಯೋಗಗಳನ್ನು ಎಣಿಸಿ ನೋಡಿದ ಥಾಮಸ್ ಟ್ರೌಟ್‌ಮನ್, ಅದು ಒಬ್ಬನೇ ಬರೆದದ್ದಲ್ಲ ಎಂದು 1971ರಲ್ಲಿ ವಾದಿಸಿದರು. ಈಗಿನ ಅನೇಕ ವಿದ್ವಾಂಸರು ಅದು ಮೌರ್ಯರ ನಂತರ ಈಗಿನ ರೂಪ ಪಡೆಯಿತೆಂದು ಹೇಳುತ್ತಾರೆ. ಶಾಸ್ತ್ರಗ್ರಂಥ ರಾಜ್ಯ ಹೇಗಿರಬೇಕೆಂದು ಹೇಳುತ್ತದೆ. ಹೇಗಿತ್ತು ಎಂಬುದಕ್ಕೆ ಶಾಸನ, ನಾಣ್ಯ, ಉತ್ಖನನಗಳನ್ನು ಕೇಳಬೇಕು.

ಮಹಾಭಾರತಕ್ಕೂ ಈ ಎಚ್ಚರ ಬೇಕು. ಪುಣೆಯ ಭಂಡಾರ್ಕರ್ ಸಂಸ್ಥೆ 1919ರಿಂದ 1966ರವರೆಗೆ 1259 ಹಸ್ತಪ್ರತಿಗಳನ್ನು ಬಳಸಿಕೊಂಡು ಅದರ ಸಂಶೋಧಿತ ಆವೃತ್ತಿಯನ್ನು ಸಿದ್ಧಪಡಿಸಿತು. ವ್ಯಾಸರು ಹೇಳಿ ಗಣಪತಿ ಬರೆದುಕೊಂಡ ಪ್ರಸಂಗ ಆ ಆವೃತ್ತಿಯ ಮುಖ್ಯ ಪಠ್ಯದಲ್ಲಿಲ್ಲ. ಹಾಗೆಂದು ಉಳಿದ ಕಥೆಗಳೆಲ್ಲ ಸುಳ್ಳೆಂದಲ್ಲ. ಹತ್ತನೆಯ ಶತಮಾನದ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ಹದಿನೈದನೆಯ ಶತಮಾನದ ಕುಮಾರವ್ಯಾಸ ಇಡೀ ಕಥೆಯನ್ನು ಕೃಷ್ಣಕಥೆಯಾಗಿಸಿದ. ಯಾವ ಕಾಲ, ಯಾವ ನಾಡು ಕಥೆಯನ್ನು ಹೇಗೆ ಬದಲಿಸಿಕೊಂಡಿತು ಎಂಬುದೇ ಸಂಸ್ಕೃತಿಯ ಚರಿತ್ರೆ. ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ ಓದಿ ಕಥೆ ತಿಳಿದವರು, ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಅವರ ‘ಯುಗಾಂತ’ (1967) ಓದಿದರೆ ಅದೇ ಪಾತ್ರಗಳು ಬೇರೆ ಬೆಳಕಿನಲ್ಲಿ ಕಾಣುತ್ತವೆ. ದರ್ಶನಗಳ ಪರಿಚಯಕ್ಕೆ ಮೈಸೂರಿನ ಎಂ. ಹಿರಿಯಣ್ಣನವರ 1932ರ ಗ್ರಂಥವನ್ನು ಮೀರಿಸಿದ ಸ್ಪಷ್ಟತೆ ಅಪರೂಪ. ಕನ್ನಡ ಸಾಹಿತ್ಯಕ್ಕೆ ರಂ.ಶ್ರೀ. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ ದಾರಿ ತೋರಿಸುತ್ತದೆ.

ಪುಸ್ತಕ ಸೇರದವರು

ಇಷ್ಟೆಲ್ಲ ಓದಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಈ ಪುಸ್ತಕಗಳ ಹಿಂದಿರುವ ಆಧಾರಗಳನ್ನು ಬರೆದವರು, ಬರೆಸಿದವರು ಯಾರು? ಬಹುಪಾಲು ಅರಸರು, ಪಂಡಿತರು, ಮಠಗಳವರು. ಉತ್ತವರ, ನೇಯ್ದವರ, ಊರ ಹೊರಗೆ ಇಡಲ್ಪಟ್ಟವರ ಮಾತು ಅಲ್ಲಿ ವಿರಳ. ಅದಕ್ಕಾಗಿ ಬೌದ್ಧ ಭಿಕ್ಷುಣಿಯರ ‘ಥೇರೀಗಾಥಾ’, ಫ.ಗು. ಹಳಕಟ್ಟಿಯವರು ತಾಳೆಗರಿಗಳಿಂದ ಸಂಗ್ರಹಿಸಿ 1923ರಲ್ಲಿ ‘ವಚನ ಶಾಸ್ತ್ರ ಸಾರ’ವಾಗಿ ಅಚ್ಚು ಹಾಕಿಸಿದ ಶರಣರ ವಚನಗಳು, ಮಲೆಮಾದೇಶ್ವರ ಮತ್ತು ಮಂಟೇಸ್ವಾಮಿಯ ಜನಪದ ಕಾವ್ಯಗಳು ಬೇಕು. ಜೋತಿರಾವ್ ಫುಲೆಯವರ ‘ಗುಲಾಮಗಿರಿ’ (1873) ಮತ್ತು ಅಂಬೇಡ್ಕರ್ ಅವರ ‘ಜಾತಿ ವಿನಾಶ’ (1936) ಓದದೆ ಭಾರತೀಯ ಸಮಾಜ ತಿಳಿಯಿತು ಎನ್ನುವುದು ಅರ್ಧ ಮಾತು. ಅಂಬೇಡ್ಕರ್ ಅವರದು ಲಾಹೋರಿನ ಸಭೆಗೆಂದು ಸಿದ್ಧಪಡಿಸಿದ ಭಾಷಣ. ಕರೆದವರೇ ಅದರ ಮಾತುಗಳಿಗೆ ಹೆದರಿ ಸಭೆಯನ್ನು ರದ್ದು ಮಾಡಿದಾಗ ಅವರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು.

ಪುಸ್ತಕ ಕೈಗೆತ್ತಿಕೊಂಡಾಗ ಓದುಗ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಲೇಖಕ ತನ್ನ ಮಾತಿಗೆ ಆಧಾರ ಹೇಳುತ್ತಾನೆಯೇ? ತನಗೆ ಒಪ್ಪದ ಅಭಿಪ್ರಾಯವನ್ನೂ ನ್ಯಾಯವಾಗಿ ಮಂಡಿಸುತ್ತಾನೆಯೇ? ಯಾರ ಕಥೆಯನ್ನು ಬಿಟ್ಟಿದ್ದಾನೆ? ಎಲ್ಲಕ್ಕೂ ಖಚಿತ ಉತ್ತರ ಕೊಡುವ, ಎಲ್ಲಿಯೂ ಅನುಮಾನಪಡದ ಪುಸ್ತಕದ ಬಗ್ಗೆ ಹೆಚ್ಚು ಅನುಮಾನವಿರಬೇಕು.

ದೊಡ್ಡ ಗ್ರಂಥಗಳಿಗೆ ಅಂಜುವವರಿಗೆ ಇನ್ನೊಂದು ದಾರಿಯಿದೆ. ಬಿ.ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆ ಮತ್ತು ಕೊಡಗಿನ ಸಾವಿರಾರು ಶಾಸನಗಳಿವೆ. 1972ರಿಂದ ಮೈಸೂರು ವಿಶ್ವವಿದ್ಯಾನಿಲಯ ಅವುಗಳನ್ನು ಪರಿಷ್ಕರಿಸಿ ಪ್ರಕಟಿಸಿದೆ. ಶಾಸನಗಳನ್ನು ಜೋಡಿಸಿರುವುದು ತಾಲ್ಲೂಕುವಾರಾಗಿ. ಆ ಸೀಮೆಯ ಓದುಗ ತನ್ನ ತಾಲ್ಲೂಕಿನ ಪುಟ ತೆರೆದು ನೋಡಬಹುದು. ಕೆರೆ ಕಟ್ಟಿಸಿದವರ ಹೆಸರು, ತುರು ಕಾಯಲು ಹೋಗಿ ಮಡಿದವನ ವೀರಗಲ್ಲು, ಗದ್ದೆ ದಾನ ಕೊಟ್ಟವರ ಲೆಕ್ಕ ಅಲ್ಲಿ ಸಿಗುತ್ತದೆ. ಇಂಥ ಕಲ್ಲುಗಳಿಂದ ಒಂದು ಸಮಾಜದ ಬದುಕನ್ನೇ ಹೇಗೆ ಓದಬಹುದು ಎಂಬುದನ್ನು ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ತೋರಿಸಿಕೊಡುತ್ತದೆ. ಊರಿನ ಕಲ್ಲಿನಿಂದ ಹೊರಟು ಬಾಷಂ, ಕೊಸಾಂಬಿಯವರ ಬಳಿಗೆ ಹೋದವನಿಗೆ ಅವರು ಬರೆದುದನ್ನು ತಾಳೆ ನೋಡಲು ತನ್ನದೇ ಒಂದು ಅಳತೆಗೋಲು ಕೈಯಲ್ಲಿರುತ್ತದೆ.