ಲ್ಯಾಪ್‌ಟಾಪ್‌ನಲ್ಲಿ ಇಂಟರ್ನೆಟ್ ಇದೆ, ವರ್ಚುವಲ್ ಮೆಷಿನ್‌ನಲ್ಲಿ ಇಲ್ಲವೇ? ಫಾರ್ಮ್ಯಾಟ್ ಮಾಡಿಸುವ ಮುನ್ನ ಇದನ್ನು ಓದಿ

ನವದೆಹಲಿ: ದೆಹಲಿಯ ಕರೋಲ್ ಬಾಗ್‌ನಲ್ಲಿ ಒಂದು ಕಡೆ ಸಾಲು ಸಾಲು ಪಿಜಿಗಳು, ಇನ್ನೊಂದು ಕಡೆ ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ರಿಪೇರಿಗೆ ಹೆಸರಾದ ಗಫಾರ್ ಮಾರ್ಕೆಟ್. ಓದು, ಕೆಲಸಕ್ಕೆಂದು ಊರು ಬಿಟ್ಟು ಬಂದು ಇಂಥ ಪಿಜಿಗಳಲ್ಲಿ ಇರುವವರು ವಿಂಡೋಸ್ ಲ್ಯಾಪ್‌ಟಾಪ್‌ನಲ್ಲೇ ಲಿನಕ್ಸ್ ಕಲಿಯಲು ಬಳಸುವುದು ವರ್ಚುವಲ್ ಮೆಷಿನ್, ಅಂದರೆ ವಿಎಂ. ಕಚೇರಿಯಲ್ಲಿ ಚೆನ್ನಾಗಿ ನಡೆದ ವಿಎಂ, ರೂಮಿಗೆ ಬಂದ ಮೇಲೆ ನೆಟ್‌ವರ್ಕ್ ಇಲ್ಲ ಎನ್ನುತ್ತದೆ. ಗಾಬರಿಯಿಂದ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಿದರೆ ವಿಎಂ ಒಳಗಿನ ಪ್ರಾಜೆಕ್ಟ್ ಫೈಲ್‌ಗಳೂ ಹೋಗುತ್ತವೆ. ಆದರೆ ಬಹಳಷ್ಟು ಸಲ ಬೇಕಿರುವುದು ಒಂದು ಸೆಟ್ಟಿಂಗ್ ಬದಲಾವಣೆ ಮಾತ್ರ.

ಸಮಸ್ಯೆ ಬರುವುದು ಏಕೆ?

ವಿಎಂಗೆ ತನ್ನದೇ ಆದ ವೈ-ಫೈ ಕಾರ್ಡ್ ಇರುವುದಿಲ್ಲ. ವರ್ಚುವಲ್‌ಬಾಕ್ಸ್, ವಿಎಂವೇರ್‌ನಂತಹ ಸಾಫ್ಟ್‌ವೇರ್‌ಗಳು ಅದಕ್ಕೊಂದು ಕಾಲ್ಪನಿಕ ನೆಟ್‌ವರ್ಕ್ ಕಾರ್ಡ್ ಕೊಡುತ್ತವೆ. ಅದು ಹೊರಜಗತ್ತಿಗೆ ಸೇರುವ ಮುಖ್ಯ ದಾರಿ ಎರಡು: ನ್ಯಾಟ್ ಮತ್ತು ಬ್ರಿಡ್ಜ್ಡ್.

ನ್ಯಾಟ್‌ನಲ್ಲಿ ವಿಎಂ ಲ್ಯಾಪ್‌ಟಾಪ್‌ನ ಹಿಂದೆ ನಿಲ್ಲುತ್ತದೆ. ರೂಟರ್‌ಗೆ ಕಾಣುವುದು ಲ್ಯಾಪ್‌ಟಾಪ್ ಮಾತ್ರ. ಬ್ರಿಡ್ಜ್ಡ್‌ನಲ್ಲಿ ಹಾಗಲ್ಲ, ವಿಎಂ ಇನ್ನೊಂದು ಪ್ರತ್ಯೇಕ ಕಂಪ್ಯೂಟರ್‌ನಂತೆ ರೂಟರ್ ಬಳಿ ತನ್ನದೇ ಐಪಿ ವಿಳಾಸ ಕೇಳುತ್ತದೆ. ಕೇಬಲ್ ಇರುವ ಕಚೇರಿಯಲ್ಲಿ ಇದಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ವೈ-ಫೈ ಸಂಪರ್ಕ ಒಂದು ಸಾಧನಕ್ಕೆ ಒಂದೇ ಮ್ಯಾಕ್ ವಿಳಾಸ ಎಂಬ ಲೆಕ್ಕದಲ್ಲಿ ನಡೆಯುವುದರಿಂದ ಅಲ್ಲಿ ಬ್ರಿಡ್ಜ್ಡ್ ಆಗಾಗ ಕೈಕೊಡುತ್ತದೆ. ಪಿಜಿಯವರು ಒಬ್ಬರಿಗೆ ಇಷ್ಟೇ ಸಾಧನ ಎಂದು ಮಿತಿ ಹಾಕಿದ್ದರೆ ವಿಎಂಗೆ ಬಾಗಿಲೇ ತೆರೆಯದು. ಬ್ರಿಡ್ಜ್ಡ್ ಸೆಟ್ಟಿಂಗ್ ಇನ್ನೂ ಕಚೇರಿಯ ಕೇಬಲ್ ಪೋರ್ಟ್‌ಗೇ ಅಂಟಿಕೊಂಡಿದ್ದರೂ ಇದೇ ಗತಿ.

ಹಂತ 1: ಮೊದಲು ಲ್ಯಾಪ್‌ಟಾಪ್ ನೋಡಿ

ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಯಾವುದಾದರೂ ವೆಬ್‌ಸೈಟ್ ತೆರೆಯಿರಿ. ಒಟಿಪಿ ಅಥವಾ ಲಾಗಿನ್ ಪುಟ ಕೇಳುವ ವೈ-ಫೈ ಆಗಿದ್ದರೆ ಅದನ್ನು ಮೊದಲು ಲ್ಯಾಪ್‌ಟಾಪ್‌ನಲ್ಲೇ ಪೂರೈಸಿ. ವೆಬ್‌ಸೈಟ್ ತೆರೆದುಕೊಂಡರೆ ವೈ-ಫೈ ಕಾರ್ಡ್ ಸರಿಯಾಗಿದೆ ಎಂದರ್ಥ. ಅದರ ರಿಪೇರಿಗೆ ಹಣ ಕೊಡಬೇಕಿಲ್ಲ.

ಹಂತ 2: ನ್ಯಾಟ್‌ಗೆ ಬದಲಿಸಿ

ವಿಎಂ ಅನ್ನು ಪೂರ್ತಿ ಶಟ್‌ಡೌನ್ ಮಾಡಿ. ವರ್ಚುವಲ್‌ಬಾಕ್ಸ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್‌ಗೆ ಹೋಗಿ 'ಅಟ್ಯಾಚ್ಡ್ ಟು' ಎಂಬಲ್ಲಿ ನ್ಯಾಟ್ ಆಯ್ಕೆ ಮಾಡಿ. 'ಕೇಬಲ್ ಕನೆಕ್ಟೆಡ್' ಎಂಬಲ್ಲಿ ಟಿಕ್ ಇರಲಿ. ವಿಎಂವೇರ್ ವರ್ಕ್‌ಸ್ಟೇಷನ್‌ನಲ್ಲಿ 'ಕನೆಕ್ಟ್ ಅಟ್ ಪವರ್ ಆನ್' ಟಿಕ್ ಆಗಿದೆಯೇ ನೋಡಿ. ವಿಂಡೋಸ್‌ನ ಸರ್ವೀಸಸ್ ಪಟ್ಟಿಯಲ್ಲಿ ವಿಎಂವೇರ್ ನ್ಯಾಟ್ ಸರ್ವೀಸ್ ಮತ್ತು ವಿಎಂವೇರ್ ಡಿಎಚ್‌ಸಿಪಿ ಸರ್ವೀಸ್ ಎರಡೂ ಚಾಲನೆಯಲ್ಲಿರಬೇಕು. ನಿಂತಿದ್ದರೆ ಸ್ಟಾರ್ಟ್ ಮಾಡಿ.

ಹಂತ 3: ಐಪಿ ವಿಳಾಸ ಏನು ಹೇಳುತ್ತಿದೆ?

ವಿಎಂ ಆನ್ ಮಾಡಿ ಅದರೊಳಗಿನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಐಪಿ ವಿಳಾಸ ನೋಡಿ. ವರ್ಚುವಲ್‌ಬಾಕ್ಸ್ ನ್ಯಾಟ್‌ನಲ್ಲಿ ಸಾಮಾನ್ಯವಾಗಿ 10.0.2.15 ಎಂದಿರುತ್ತದೆ. 169.254 ರಿಂದ ಶುರುವಾಗಿದ್ದರೆ ಅಥವಾ ವಿಳಾಸವೇ ಇಲ್ಲದಿದ್ದರೆ ವಿಎಂಗೆ ಯಾರೂ ಐಪಿ ಕೊಟ್ಟಿಲ್ಲ ಎಂದರ್ಥ. ವಿಎಂ ಒಳಗೆ ನೆಟ್‌ವರ್ಕ್ ಅನ್ನು ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿ. ಹಿಂದೆ ಯಾರಾದರೂ ಕೈಯಾರೆ ಐಪಿ ನಮೂದಿಸಿದ್ದರೆ ಅದನ್ನು ತೆಗೆದು ಆಟೋಮ್ಯಾಟಿಕ್‌ಗೆ ಬದಲಿಸಿ.

ಹಂತ 4: ಐಪಿ ಇದ್ದರೂ ವೆಬ್‌ಸೈಟ್ ತೆರೆಯುತ್ತಿಲ್ಲವೇ?

ವಿಎಂನ ಟರ್ಮಿನಲ್‌ನಲ್ಲಿ 8.8.8.8 ವಿಳಾಸಕ್ಕೆ ಪಿಂಗ್ ಮಾಡಿ. ಉತ್ತರ ಬಂದರೂ ವೆಬ್‌ಸೈಟ್ ತೆರೆಯದಿದ್ದರೆ ದೋಷ ಇರುವುದು ಡಿಎನ್ಎಸ್‌ನಲ್ಲಿ, ಅಂದರೆ ವೆಬ್‌ಸೈಟ್ ಹೆಸರನ್ನು ಐಪಿ ವಿಳಾಸವಾಗಿ ಬದಲಿಸುವ ವ್ಯವಸ್ಥೆಯಲ್ಲಿ. ಕಚೇರಿಯ ವಿಪಿಎನ್ ಆನ್ ಅಥವಾ ಆಫ್ ಮಾಡಿದಾಗ, ಲ್ಯಾಪ್‌ಟಾಪ್ ನಿದ್ರೆಯಿಂದ ಎದ್ದಾಗ ವಿಎಂ ಹಳೆಯ ಡಿಎನ್ಎಸ್ ವಿಳಾಸವನ್ನೇ ಹಿಡಿದು ಕೂರುವುದುಂಟು. ಪಾಸ್ ಅಥವಾ ಸೇವ್ ಮಾಡದೆ ವಿಎಂ ಅನ್ನು ಪೂರ್ತಿ ಆಫ್ ಮಾಡಿ ಮತ್ತೆ ಶುರು ಮಾಡಿ.

ಇನ್ನೊಂದು ವಿಷಯ: ಸ್ನೇಹಿತರಿಂದ ಪಡೆದ ವಿಎಂ ಪ್ರತಿಯಾಗಿದ್ದರೆ ಇಬ್ಬರದ್ದೂ ಮ್ಯಾಕ್ ವಿಳಾಸ ಒಂದೇ ಆಗಿರಬಹುದು. ಒಂದೇ ವೈ-ಫೈನಲ್ಲಿ ಇಬ್ಬರೂ ಬ್ರಿಡ್ಜ್ಡ್ ಬಳಸಿದರೆ ಒಬ್ಬರ ಸಂಪರ್ಕ ಇನ್ನೊಬ್ಬರದನ್ನು ಕಡಿಯುತ್ತದೆ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಹೊಸ ಮ್ಯಾಕ್ ವಿಳಾಸ ಸೃಷ್ಟಿಸಿಕೊಳ್ಳಿ.

ನ್ಯಾಟ್‌ನಿಂದ ನಷ್ಟವಿಲ್ಲವೇ?

ಬ್ರೌಸಿಂಗ್, ಡೌನ್‌ಲೋಡ್, ಅಪ್‌ಡೇಟ್‌ಗಳಿಗೆ ನ್ಯಾಟ್ ಸಾಕು. ಆದರೆ ನಿಮ್ಮ ವಿಎಂನಲ್ಲಿ ನಡೆಯುವ ವೆಬ್ ಸರ್ವರ್ ಅನ್ನು ಪಕ್ಕದ ರೂಮಿನವರು ನೇರವಾಗಿ ತೆರೆಯಲಾಗದು. ಅದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಬೇಕು.

ಇದ್ಯಾವುದೂ ಫಲಿಸದೆ ಲ್ಯಾಪ್‌ಟಾಪ್ ಅಂಗಡಿಗೆ ಕೊಡಲೇಬೇಕಾದರೆ, ವಿಎಂ ಆಫ್ ಮಾಡಿ ಅದರ ಇಡೀ ಫೋಲ್ಡರ್ ಅನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲಿಸಿಕೊಳ್ಳಿ. ಸ್ನ್ಯಾಪ್‌ಶಾಟ್ ತೆಗೆದಿದ್ದೇನೆ ಎಂದು ನಿಶ್ಚಿಂತೆಯಿಂದ ಇರಬೇಡಿ. ಅದೂ ಇರುವುದು ಅದೇ ಲ್ಯಾಪ್‌ಟಾಪ್‌ನಲ್ಲಿ. ಫಾರ್ಮ್ಯಾಟ್ ಮಾಡಿದರೆ ಅದೂ ಅಳಿಸಿಹೋಗುತ್ತದೆ.